ಬಳ್ಳಿಯೋ, ಅಕ್ಷರವೋ?

ಕಳೆದ ಮಾಘಮಾಸದಲ್ಲಿ ನಮ್ಮ ಮನೆಗೊಂದು ಲಗ್ನಪತ್ರಿಕೆ ಬಂದಿತು. ತಂದವರು ದೂರದ ಬಂಧುಗಳು. ಕಾಫಿ ಕುಡಿದು, ‘ಮನೆಮಂದಿಯೆಲ್ಲ ಬರಬೇಕು, ಹಿಂದಿನ ದಿನವೇ ಬರಬೇಕು’ ಎಂದು ಉಪಚಾರದ ಮಾತು ಹೇಳಿ ಅವರು ಹೊರಟುಹೋದ ಮೇಲೆ, ಪತ್ರಿಕೆಯನ್ನು ಮೊದಲು ಕೈಗೆತ್ತಿಕೊಂಡವರು ನನ್ನ ಸೋದರತ್ತೆ. ಅವರಿಗೆ ಈಗ ಎಂಬತ್ತಮೂರು ವರ್ಷ. ಇಂಗ್ಲಿಷ್ ಬಾರದು, ಕನ್ನಡವನ್ನು ಮಾತ್ರ ಇಂದಿಗೂ ದಿನವೂ ಓದುತ್ತಾರೆ. ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡು, ಪತ್ರಿಕೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಒಮ್ಮೆ ತಲೆಕೆಳಗು ಮಾಡಿಯೂ ನೋಡಿದರು. ಕಡೆಗೆ ನನ್ನ ಕಡೆ ತಿರುಗಿ, ‘ಏನೋ ಇದು? ಬಳ್ಳಿ ಬಿಡಿಸಿದ್ದಾರೆ, ಚೆನ್ನಾಗಿದೆ. ಹುಡುಗಿಯ ಹೆಸರೆಲ್ಲೋ?’ ಎಂದು ಕೇಳಿದರು.

ನಾನು ನೋಡಿದೆ. ಅತ್ತೆ ಬಳ್ಳಿಯೆಂದು ತಿಳಿದದ್ದೇ ಹುಡುಗಿಯ ಹೆಸರು. ಕೆನೆಬಣ್ಣದ ದಪ್ಪ ಕಾಗದದ ಮೇಲೆ ಹೊಂಬಣ್ಣದಲ್ಲಿ, ರೋಮನ್ ಲಿಪಿಯ ಕೂಡುಬರಹದ ಮೊಳೆಗಳಲ್ಲಿ ವಧೂವರರ ಹೆಸರುಗಳು ಅಚ್ಚಾಗಿದ್ದುವು. ಒಂದು ಅಕ್ಷರದ ಬಾಲ ಇನ್ನೊಂದು ಅಕ್ಷರದ ತಲೆಯನ್ನು ಬಳಸಿ, ಮೂರನೆಯದರ ಸೊಂಟವನ್ನು ಸುತ್ತಿ, ಕಾಗದದ ಅಂಚಿನವರೆಗೂ ಹರಿದಿತ್ತು. ಇಂಗ್ಲಿಷ್ ಬಲ್ಲ ನನಗೂ ಹೆಸರನ್ನು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತೇ ಹಿಡಿಯಿತು. ಒಳಪುಟದಲ್ಲಿ ಕನ್ನಡವಿತ್ತು, ಆದರೆ ಅದರ ಸ್ಥಿತಿ ಇನ್ನೂ ಶೋಚನೀಯ. ಇಂಗ್ಲಿಷಿನ ಓರೆಬರಹಕ್ಕೆ ಜೋಡಿಯಾಗಲಿ ಎಂದು ಕನ್ನಡದ ಸಾಮಾನ್ಯ ಅಕ್ಷರಗಳನ್ನೇ ಗಣಕಯಂತ್ರದಲ್ಲಿ ಬಲಕ್ಕೆ ವಾಲಿಸಿಬಿಟ್ಟಿದ್ದರು. ಸಾಲುಗಳನ್ನು ಒತ್ತೊತ್ತಾಗಿ ಕೂಡಿಸಿದ್ದರಿಂದ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿನಲ್ಲಿ ಹುದುಗಿ ಮಾಯವಾಗಿದ್ದುವು. ವರನ ಹೆಸರು ಸುಬ್ರಹ್ಮಣ್ಯ. ಆ ಒಂದು ಹೆಸರಿನಲ್ಲಿ ಮೂರು ಒತ್ತುಗಳಿವೆ. ಮೂರೂ ಇರಲಿಲ್ಲ. ‘ಸುಬಹಣ’ ಎಂಬ, ಯಾವ ಭಾಷೆಯಲ್ಲಿಯೂ ಇಲ್ಲದ ಹೆಸರಿನ ವರನೊಬ್ಬನಿಗೆ ಮದುವೆ ನಿಶ್ಚಯವಾಗಿತ್ತು.

ಇದನ್ನು ಕಂಡು ನಗಬಹುದು, ನಾವೂ ನಕ್ಕೆವು. ಆದರೆ ಅತ್ತೆಯ ಪ್ರಶ್ನೆ ನಗೆಯೊಡನೆ ಮುಗಿಯಲಿಲ್ಲ. ಹೆಸರನ್ನು ಹೇಳುವುದಕ್ಕಾಗಿಯೇ ಹುಟ್ಟಿದ ಕಾಗದದಲ್ಲಿ ಹೆಸರು ಕಾಣದೆ ಹೋದುದಕ್ಕೆ ಕಾರಣವೇನು? ಅಲಂಕಾರದ ಅಕ್ಷರವೆಂದರೆ ಓದಲಾಗದ ಅಕ್ಷರವೆಂದೇ ಅರ್ಥವೇ? ಕನ್ನಡಕ್ಕೆ ಅಲಂಕಾರ ಬೇಕಾದರೆ ಅದು ಮತ್ತೊಂದು ಲಿಪಿಯ ಭಂಗಿಯನ್ನು ಎರವು ತರಲೇಬೇಕೆ? ಈ ಪ್ರಶ್ನೆಗಳನ್ನು ವಾಚಕರ ಮುಂದಿಡುವುದೇ ಈ ಬರೆಹದ ಉದ್ದೇಶ.

ಹಿಂದೆ ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗನೊಬ್ಬ ಈಗ ಬೆಂಗಳೂರಿನಲ್ಲಿ ಇಂಥ ಆಹ್ವಾನಪತ್ರಗಳ ವಿನ್ಯಾಸವನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದಾನೆ. ಅವನಿಗೆ ಈ ಪತ್ರಿಕೆಯನ್ನು ತೋರಿಸಿದೆ. ಅವನು ಸಂಕೋಚದಿಂದಲೇ ಹೇಳಿದ: ‘ಸರ್, ಒಳಗಿನ ಕನ್ನಡದ ತಪ್ಪನ್ನು ಒಪ್ಪುತ್ತೇನೆ. ಆದರೆ ಹೊರಗಿನ ಹೆಸರು ಓದುವುದಕ್ಕಲ್ಲ, ನೋಡುವುದಕ್ಕೆ. ವಿಷಯವೆಲ್ಲ ಹೇಗೂ ಮೊಬೈಲಿನಲ್ಲಿ ಬಂದಿರುತ್ತದೆ. ಕಾಗದದ ಪತ್ರಿಕೆ ಈಗ ಮರ್ಯಾದೆಗೆ ಮಾತ್ರ.’ ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮದುವೆಯ ಚಪ್ಪರದ ಬಾಗಿಲಿಗೆ ಕಟ್ಟಿದ ಮಾವಿನ ತೋರಣವನ್ನು ಯಾರೂ ಓದುವುದಿಲ್ಲ. ಆದರೂ ಅದು ಬೇಕು. ಬರೆದ ಹೆಸರೂ ಒಂದು ತೋರಣವಾದರೆ ತಪ್ಪೇನು?

ಇದಕ್ಕೆ ಉತ್ತರ ಕೊಡಬೇಕಾದರೆ ಈ ಬಳ್ಳಿಯಕ್ಷರಗಳು ಎಲ್ಲಿಂದ ಬಂದುವೆಂಬುದನ್ನು ಸ್ವಲ್ಪ ನೋಡಬೇಕು.

ಯೂರೋಪಿನಲ್ಲಿ ಮೊಳೆಯಚ್ಚು ಹುಟ್ಟಿದ ಅರ್ಧ ಶತಮಾನದೊಳಗೇ ಕೈಯ ಓಟವನ್ನು ಸೀಸದಲ್ಲಿ ಹಿಡಿಯುವ ಆಸೆ ಮೊಳೆತಿತ್ತು. ವೆನಿಸ್ ನಗರದ ಆಲ್ಡಸ್ ಮನೂಷಿಯಸ್ ಎಂಬ ಮುದ್ರಕನಿಗಾಗಿ ಫ್ರಾಂಚೆಸ್ಕೊ ಗ್ರಿಫೊ ಎಂಬ ಕುಶಲಿ ಓರೆಯಾದ ಮೊಳೆಗಳನ್ನು ಕೊರೆದುಕೊಟ್ಟನು. 1501ರಲ್ಲಿ ವರ್ಜಿಲ್ ಕವಿಯ ಕೃತಿ ಆ ಮೊಳೆಗಳಲ್ಲಿ, ಕೈಯಲ್ಲಿ ಹಿಡಿದು ಓದಬಹುದಾದ ಸಣ್ಣ ಆಕಾರದಲ್ಲಿ ಅಚ್ಚಾಯಿತು. ನಾವು ಇಂದು ಇಟ್ಯಾಲಿಕ್ ಎನ್ನುವುದು ಅದರ ಸಂತತಿ. ಅದು ಮೊದಲು ಒತ್ತು ಕೊಟ್ಟು ಹೇಳುವ ಮಾತಿಗೆ ಮೀಸಲಾದ ಗುರುತಾಗಿರಲಿಲ್ಲ. ಆ ಕಾಲದ ವಿದ್ವಾಂಸರೂ ದಫ್ತರದ ಬರೆಹಗಾರರೂ ಬರೆಯುತ್ತಿದ್ದ ವೇಗದ ಬರಹವೇ ಅಚ್ಚಿನ ರೂಪ ತಾಳಿ ಬಂದುದಾಗಿತ್ತು.

ಐವತ್ತಾರು ವರ್ಷಗಳ ತರುವಾಯ, 1557ರಲ್ಲಿ, ಫ್ರಾನ್ಸಿನ ಲಿಯೋಂ ನಗರದಲ್ಲಿ ರಾಬರ್ ಗ್ರಾಂಜೋ ಎಂಬವನಿಗೆ ಇನ್ನೊಂದು ಹಂಬಲ ಹುಟ್ಟಿತು. ಇಟಲಿಯವರಿಗೆ ಅವರ ಕೈಬರಹದ ಮೊಳೆ ಇರುವಾಗ ಫ್ರೆಂಚರಿಗೆ ಫ್ರೆಂಚರ ಕೈಬರಹದ ಮೊಳೆ ಏಕೆ ಇರಬಾರದು? ಅವನು ತನ್ನ ನಾಡಿನ ದಫ್ತರದ ಬರಹವನ್ನೇ ಮಾದರಿಯಾಗಿಟ್ಟುಕೊಂಡು ಬಹು ಚೆಲುವಾದ, ಬಾಲಗಳೂ ಸುಳಿಗಳೂ ತುಂಬಿದ ಮೊಳೆಗಳನ್ನು ಕೊರೆದು, ಅದನ್ನು ‘ಫ್ರೆಂಚ್ ಅಕ್ಷರ’ ಎಂದೇ ಕರೆದನು. ಸ್ವದೇಶಾಭಿಮಾನವಿತ್ತು, ಕೈಚಳಕವಿತ್ತು; ಆದರೂ ಆ ಅಕ್ಷರ ನಾಡಿನ ಸಾಮಾನ್ಯ ಅಕ್ಷರವಾಗಲಿಲ್ಲ. ಮಕ್ಕಳಿಗೆ ನಡೆನುಡಿ ಕಲಿಸುವ ಸಣ್ಣ ಪುಸ್ತಕಗಳಲ್ಲಿ ಬಹುಕಾಲ ಉಳಿದು, ಆ ಪುಸ್ತಕಗಳಿಂದಲೇ ‘ಸಿವಿಲಿತೆ’ ಎಂಬ ಹೆಸರನ್ನೂ ಪಡೆದು, ಕೊನೆಗೆ ಹಿಂದೆ ಸರಿಯಿತು. ಓದುವ ಕಣ್ಣಿಗೆ ನೇರ ಮೊಳೆಯಲ್ಲಿ ದೊರೆಯುತ್ತಿದ್ದ ಸುಖ ಅದರಲ್ಲಿ ದೊರೆಯಲಿಲ್ಲ. ನಮ್ಮದೆಂಬ ಅಭಿಮಾನವೊಂದೇ ಅಕ್ಷರವನ್ನು ಬಾಳಿಸಲಾರದೆಂಬ ಪಾಠ ಇಲ್ಲಿದೆ. ಕನ್ನಡಿಗರಾದ ನಾವು ಇದನ್ನು ನೆನಪಿನಲ್ಲಿಡುವುದು ಲೇಸು.

ಇಂದಿನ ಲಗ್ನಪತ್ರಿಕೆಗಳ ಬಳ್ಳಿಯಕ್ಷರಕ್ಕೆ ಹತ್ತಿರದ ಮುತ್ತಜ್ಜನೆಂದರೆ ಇಂಗ್ಲೆಂಡಿನ ದುಂಡುಬರಹ. 17 ಮತ್ತು 18ನೆಯ ಶತಮಾನಗಳಲ್ಲಿ ಅಲ್ಲಿ ಬರವಣಿಗೆಯನ್ನು ಕಲಿಸುವುದನ್ನೇ ವೃತ್ತಿಯಾಗಿ ಉಳ್ಳ ಗುರುಗಳಿದ್ದರು. ಅವರು ಗರಿಯ ಲೇಖನಿಯಿಂದ ಬರೆದುದನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚೊತ್ತುತ್ತಿದ್ದರು. ಜಾರ್ಜ್ ಬಿಕ್‌ಹ್ಯಾಮ್ 1733ರಿಂದ 1741ರ ವರೆಗೆ ಕಂತುಕಂತಾಗಿ ಹೊರತಂದ ‘ದಿ ಯೂನಿವರ್ಸಲ್ ಪೆನ್‌ಮನ್’ ಎಂಬ ಸಂಪುಟದಲ್ಲಿ ಇಂಥ 25 ಮಂದಿ ಬರೆಹಗಾರರ ಕೈಚಳಕವಿದೆ. ತಾಮ್ರದ ತಗಡಿನಲ್ಲಿ ಗೆರೆ ಎಲ್ಲಿಗೆ ಬೇಕಾದರೂ ಹರಿಯಬಹುದು, ಅಡ್ಡಿಯಿಲ್ಲ. ಸೀಸದ ಮೊಳೆಯ ಪಾಡು ಹಾಗಲ್ಲ. ಪ್ರತಿಯೊಂದು ಮೊಳೆಯೂ ಚೌಕವಾದ ಒಂದು ತುಂಡು. ಅಕ್ಷರದ ಬಾಲ ಆ ತುಂಡಿನಾಚೆ ಚಾಚಿದರೆ ಅಚ್ಚಿನ ಒತ್ತಡಕ್ಕೆ ಮುರಿಯುತ್ತದೆ. ಚಾಚದಿದ್ದರೆ ಪಕ್ಕದ ಅಕ್ಷರವನ್ನು ಮುಟ್ಟುವುದಿಲ್ಲ. ಕೂಡುಬರಹವನ್ನು ಮೊಳೆಯಲ್ಲಿ ಕೂಡಿಸಲು ಹೊರಟವರೆಲ್ಲ ಈ ಚೌಕದ ಗೋಡೆಗೆ ತಲೆ ಘಟ್ಟಿಸಿಕೊಂಡವರೇ. ಫ್ರಾನ್ಸಿನ ರೋಜೆ ಎಕ್ಸ್‌ಕಫೋಂ 1953ರಲ್ಲಿ ತನ್ನ ಸ್ವಂತ ಕೈಬರಹವನ್ನೇ ಆಧರಿಸಿ ‘ಮಿಸ್ತ್ರಾಲ್’ ಎಂಬ ಮೊಳೆಯನ್ನು ರಚಿಸಿ, ಅಕ್ಷರಗಳು ಒಂದಕ್ಕೊಂದು ಕೂಡುವಂತೆ ಮಾಡಿದುದು ಆ ಕಾಲಕ್ಕೆ ಒಂದು ಸಾಹಸವೇ ಆಗಿತ್ತು. ಸೀಸ ಹೋಗಿ ಬೆಳಕಿನಿಂದ ಅಕ್ಷರ ಮೂಡಿಸುವ ಕ್ರಮ ಬಂದ ಮೇಲೆ ಗೋಡೆ ಬಿದ್ದಿತು. 1966ರಲ್ಲಿ ಮ್ಯಾಥ್ಯೂ ಕಾರ್ಟರ್ ಎಂಬ ಇಂಗ್ಲಿಷ್ ವಿನ್ಯಾಸಕಾರ, 17ನೆಯ ಶತಮಾನದ ಚಾರ್ಲ್ಸ್ ಸ್ನೆಲ್ ಎಂಬ ಬರವಣಿಗೆಯ ಗುರುವಿನ ಬರಹವನ್ನು ಅನುಸರಿಸಿ ‘ಸ್ನೆಲ್ ರೌಂಡ್‌ಹ್ಯಾಂಡ್’ ಎಂಬ ಅಕ್ಷರಮಾಲೆಯನ್ನು ಸಿದ್ಧಪಡಿಸಿದನು. ಅದರಲ್ಲಿ ಅಕ್ಷರಗಳು ನಿಜವಾಗಿಯೂ ಕೈ ಕೈ ಹಿಡಿದು ನಡೆಯುತ್ತವೆ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದುದು ಹರ್ಮನ್ ಜಾಪ್ಫ್ ಎಂಬ ಜರ್ಮನ್ ಲಿಪಿಕಾರನ ಕಥೆ. ಈತ ನ್ಯೂರೆಂಬರ್ಗಿನಲ್ಲಿ 1918ರಲ್ಲಿ ಹುಟ್ಟಿದವನು, 2015ರಲ್ಲಿ ತೀರಿಕೊಂಡನು. ಎರಡನೆಯ ಮಹಾಯುದ್ಧದಲ್ಲಿ ಈತನನ್ನು ಸೈನ್ಯಕ್ಕೆ ಸೇರಿಸಿಕೊಂಡು, ಫ್ರಾನ್ಸಿನಲ್ಲಿ ಭೂಪಟ ಬರೆಯುವ ಕೆಲಸಕ್ಕೆ ಹಾಕಿದರು. 1944ರಲ್ಲಿ, ಸುತ್ತಲೂ ಊರುಗಳು ಉರಿಯುತ್ತಿದ್ದ ಕಾಲದಲ್ಲಿ, ಆತ ತನ್ನ ಸಣ್ಣ ಟಿಪ್ಪಣಿ ಪುಸ್ತಕದ ಪುಟವೊಂದರಲ್ಲಿ ಕೈಬರಹದ ಅಕ್ಷರಗಳನ್ನು ಬರೆದಿಟ್ಟನು. ಯುದ್ಧ ಮುಗಿದ ಮೇಲೆ ಅಂಥ ಸ್ವಚ್ಛಂದವಾದ ಬರಹವನ್ನು ಮೊಳೆಗೆ ಇಳಿಸಬೇಕೆಂಬ ಆಸೆ ಆತನಿಗಿತ್ತು. ಆದರೆ ಸೀಸದ ಚೌಕ ಬಿಡಲಿಲ್ಲ. 1950ರ ದಶಕದ ಆದಿಯಲ್ಲಿ ‘ವರ್ಚುವೋಸ’ ಎಂಬ ಒಂದು ಮೊಳೆ ಬಂದಿತು. ಅದು ಆಸೆಯ ಒಂದಂಶ ಮಾತ್ರ. ಕೊನೆಗೆ ಗಣಕಯಂತ್ರದ ನೆರವಿನಿಂದ 1998ರಲ್ಲಿ ‘ಜಾಪ್ಫೀನೊ’ ಹೊರಬಂದಾಗ ಆತನಿಗೆ ಎಂಬತ್ತು ವರ್ಷ. ಟಿಪ್ಪಣಿ ಪುಸ್ತಕದ ಪುಟಕ್ಕೂ ಅಚ್ಚಿನ ಅಕ್ಷರಕ್ಕೂ ನಡುವೆ ಐವತ್ತನಾಲ್ಕು ವರ್ಷ!

ಜಾಪ್ಫೀನೊದ ವಿಶೇಷವೇನೆಂದರೆ ಅದರಲ್ಲಿ ಒಂದು ಅಕ್ಷರಕ್ಕೆ ಒಂದೇ ರೂಪವಿಲ್ಲ. ಮನುಷ್ಯನು ಕೈಯಲ್ಲಿ ಬರೆಯುವಾಗ ಒಂದೇ ಅಕ್ಷರವನ್ನು ಎರಡು ಬಾರಿ ಒಂದೇ ಸಮನಾಗಿ ಬರೆಯುವುದಿಲ್ಲವಷ್ಟೆ. ಹಿಂದಿನದು ಯಾವುದು, ಮುಂದಿನದು ಯಾವುದು, ಪದದ ಕೊನೆ ಬಂದಿತೇ ಎಂಬುದನ್ನು ಕೈ ತಾನಾಗಿ ಅರಿತು ಬಾಲವನ್ನು ಚಾಚುತ್ತದೆ ಅಥವಾ ಮೊಟಕು ಮಾಡುತ್ತದೆ. ಈ ವಿವೇಕವನ್ನು ಯಂತ್ರಕ್ಕೆ ಕಲಿಸುವುದೇ ಜಾಪ್ಫೀನೊದ ಹಿಂದಿನ ಶ್ರಮ. ಅದರ ಅಕ್ಷರಗಳ ಮೇಲೂ ಕೆಳಗೂ ಗೆರೆಗಳು ಬಹುದೂರ ಹಾರುತ್ತವೆ. ಆದ್ದರಿಂದ ಅದಕ್ಕೆ ಸುತ್ತ ಬೇಕಾದಷ್ಟು ಬಯಲನ್ನು ಬಿಡಬೇಕು. ಬಯಲು ಬಿಟ್ಟು ನಾಲ್ಕಾರು ಪದಗಳಿಗೆ ಮಾತ್ರ ಬಳಸಿದರೆ ಅದು ನೃತ್ಯ. ಇಕ್ಕಟ್ಟಿನಲ್ಲಿ ತುರುಕಿ ಪುಟವೆಲ್ಲ ತುಂಬಿಸಿದರೆ ಸಂತೆಯ ನೂಕುನುಗ್ಗಲು. ನಮ್ಮ ಮನೆಗೆ ಬಂದ ಲಗ್ನಪತ್ರಿಕೆಯಲ್ಲಿದ್ದುದು ಇದೇ ಜಾತಿಯ ಅಕ್ಷರ. ಆಗಿದ್ದುದು ಎರಡನೆಯ ಗತಿ.

ಈಗ ನನ್ನ ಶಿಷ್ಯನ ಮಾತಿಗೆ ಬರೋಣ. ಅಲಂಕಾರದ ಅಕ್ಷರ ನೋಡುವುದಕ್ಕೆ, ಓದುವುದಕ್ಕಲ್ಲ ಎಂದನಲ್ಲವೆ? ಮೇಲಿನ ಚರಿತ್ರೆಯನ್ನು ನೋಡಿದರೆ ಹಾಗೆನಿಸುವುದಿಲ್ಲ. ಗ್ರಿಫೊವಿನಿಂದ ಜಾಪ್ಫ್‌ವರೆಗೆ ಹೆಸರು ಉಳಿಸಿಕೊಂಡವರೆಲ್ಲರೂ ಹೊರಟದ್ದು ಬರೆಯುವ ಕೈಯಿಂದ. ಅವರ ಅಕ್ಷರಗಳ ಬಾಲಗಳನ್ನೆಲ್ಲ ಕತ್ತರಿಸಿಹಾಕಿದರೂ ಅಕ್ಷರದ ಎಲುಬು ಉಳಿದಿರುತ್ತದೆ, ಹೆಸರು ತಿಳಿಯುತ್ತದೆ. ಬಾಲ ಬೆಳೆದದ್ದು ಆ ಎಲುಬಿನಿಂದ. ನಮ್ಮ ಆಲಂಕಾರಿಕರಿಗೂ ಇದು ಹೊಸ ಮಾತಲ್ಲ. 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದು ಸಾಧಿಸಲು ಒಂದು ಗ್ರಂಥವನ್ನೇ ಬರೆದನು. ಆಭರಣ ತನ್ನ ಸ್ಥಾನದಲ್ಲಿದ್ದರೆ ಮಾತ್ರ ಆಭರಣ. ಸ್ಥಾನ ತಪ್ಪಿದರೆ ಅದು ಭಾರ, ಇಲ್ಲವೆ ಹಾಸ್ಯ. ಮೂಗಿಗಿಂತ ಮೂಗುತಿ ಭಾರ ಎಂಬ ನಮ್ಮ ಗಾದೆಯೂ ಹೇಳುವುದು ಇದನ್ನೇ. ತೋರಣವನ್ನು ಯಾರೂ ಓದುವುದಿಲ್ಲ, ನಿಜ. ಆದರೆ ತೋರಣ ತಾನು ಹೆಸರೆಂದು ಹೇಳಿಕೊಳ್ಳುವುದಿಲ್ಲ. ಹೆಸರು ಹೆಸರೆಂದು ಹೇಳಿಕೊಂಡು ಬಂದು ಬಳ್ಳಿಯಾಗಿ ನಿಂತರೆ, ಓದಲು ಕುಳಿತ ಮುದುಕಿಗೆ ಅದು ಮಾಡುವುದು ಸಣ್ಣದಾದರೂ ಒಂದು ಅವಮಾನ.

ಇದಲ್ಲದೆ, ಮದುವೆಯ ಕಾಗದದಲ್ಲಿ ಜನ ಈ ಬಗೆಯ ಅಕ್ಷರವನ್ನು ಬಯಸುವುದು ಏಕೆಂದು ಯೋಚಿಸಬೇಕು. ನಮ್ಮಲ್ಲಿ ಲಗ್ನಪತ್ರಿಕೆಯೆಂಬುದು ಮೂಲತಃ ಕೈಬರಹ. ನಿಶ್ಚಯದ ದಿನ ಪುರೋಹಿತರು ಎರಡು ಮನೆಯವರ ಎದುರಿಗೆ ಕುಳಿತು, ಗೋತ್ರ ಪ್ರವರಗಳನ್ನೂ ವಧೂವರರ ಹೆಸರುಗಳನ್ನೂ ಮುಹೂರ್ತವನ್ನೂ ತಮ್ಮ ಕೈಯಿಂದ ಬರೆದು, ನಾಲ್ಕು ಮೂಲೆಗಳಿಗೂ ಅರಿಶಿನ ಹಚ್ಚಿ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುತ್ತಿದ್ದರು. ಅನೇಕ ಮನೆಗಳಲ್ಲಿ ಇಂದಿಗೂ ಹಾಗೆಯೇ ನಡೆಯುತ್ತದೆ. ಅಚ್ಚಿನ ಪತ್ರಿಕೆ ಆ ಕೈಬರಹದ ಮಗಳು. ಅದರಲ್ಲಿ ಕೈಯ ಓಟವಿರಲೆಂದು ಬಯಸುವುದು ಸಹಜ, ಯೋಗ್ಯ. ನಾನು ಆ ಬಯಕೆಯನ್ನು ಹಳಿಯುವವನಲ್ಲ. ಆದರೆ ತಾಯಿಯ ಎರಡು ಗುಣಗಳಲ್ಲಿ ಒಂದನ್ನು ಮಾತ್ರ ಮಗಳು ತೆಗೆದುಕೊಂಡರೆ ಹೇಗೆ? ಪುರೋಹಿತರ ಬರಹದಲ್ಲಿ ಕೈಯ ಓಟವೂ ಇತ್ತು. ಓದಿ ಹೇಳುವ ಹೊಣೆಯೂ ಇತ್ತು.

ನಮ್ಮ ಗಣರಾಜ್ಯವೇ ಈ ವಿಷಯದಲ್ಲಿ ಒಂದು ಒಳ್ಳೆಯ ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದೆ. ಭಾರತದ ಸಂವಿಧಾನದ ಮೂಲಪ್ರತಿಯನ್ನು ಮೊಳೆ ಜೋಡಿಸಿ ಸಿದ್ಧಪಡಿಸಲಿಲ್ಲ. ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಎಂಬ ಲಿಪಿಕಾರರು ಇಂಗ್ಲಿಷ್ ಪ್ರತಿಯನ್ನು ಹರಿಯುವ ಓರೆಬರಹದಲ್ಲಿ ತಮ್ಮ ಕೈಯಿಂದಲೇ ಬರೆದರು. ನಂದಲಾಲ ಬಸು ಮತ್ತು ಅವರ ಶಾಂತಿನಿಕೇತನದ ಶಿಷ್ಯರು ಪುಟಗಳನ್ನು ಚಿತ್ರಗಳಿಂದ ಸಿಂಗರಿಸಿದರು. 1950ರ ಜನವರಿ 24ರಂದು ಸಂವಿಧಾನಸಭೆಯ ಸದಸ್ಯರು ಸಹಿ ಹಾಕಿದ್ದು ಇಂಥ ಕೈಬರಹದ ಪ್ರತಿಗೆ. ಆ ಪುಟಗಳ ಪ್ರತಿಕೃತಿಯನ್ನು ನೋಡಿದವರು ಬಲ್ಲರು: ಅಲಂಕಾರವೆಲ್ಲ ಅಂಚಿನಲ್ಲಿದೆ, ನಡುವಿನ ಬರಹದಲ್ಲಿ ಒಂದು ಪದವೂ ಓದುಗನಿಗೆ ತೊಡಕಾಗುವುದಿಲ್ಲ. ಚೆಲುವು ಬೇರೆ, ಸ್ಪಷ್ಟತೆ ಬೇರೆ ಎಂಬ ವಾದಕ್ಕೆ ಇದಕ್ಕಿಂತ ಘನವಾದ ಉತ್ತರವಿಲ್ಲ.

ಇನ್ನು ಕನ್ನಡದ ಮಾತು. ನಮ್ಮ ಲಿಪಿಗೆ ಅಲಂಕಾರ ಹೊಸದಲ್ಲ. ಹೊಯ್ಸಳರ ಕಾಲದ ಶಾಸನಗಳನ್ನು ನೋಡಿದವರು ಅಲ್ಲಿನ ಅಕ್ಷರಗಳ ದುಂಡನ್ನೂ ಬಳುಕನ್ನೂ ಮರೆಯುವುದಿಲ್ಲ. ಕಲ್ಲಿನಲ್ಲಿಯೂ ಆ ಲಿಪಿಕಾರರ ಕೈ ಹರಿದಿದೆ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದ ಗೆರೆಗೆ ದಪ್ಪ ಸಣ್ಣದ ಭೇದವಿಲ್ಲ. ಎಲ್ಲ ಸೊಗಸೂ ಬಾಗುವಿಕೆಯಲ್ಲಿದೆ. ಕಡತದ ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದವರ ವೇಗದ ಬರಹಕ್ಕೆ ಮೋಡಿ ಎಂಬ ಹೆಸರೇ ಇತ್ತು. ಅಚ್ಚು ಬಂದ ಮೇಲೆ ಕೂಡ ನಮ್ಮ ಕೈಬರಹ ಒಮ್ಮೆಗೇ ಹಿಂದೆ ಸರಿಯಲಿಲ್ಲ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂದಿತು. ಕಲ್ಲಚ್ಚೆಂದರೆ ಕೈಯಲ್ಲಿ ಬರೆದುದನ್ನೇ ಕಲ್ಲಿನ ಮೇಲಿಳಿಸಿ ಅಚ್ಚೊತ್ತುವ ಕ್ರಮ. ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಕನ್ನಡಿಗರು ಓದಿದುದು ಮೊಳೆಯ ಅಕ್ಷರದಲ್ಲಲ್ಲ, ಯಾರೋ ಒಬ್ಬ ಬರೆಹಗಾರನ ಕೈಬರಹದಲ್ಲಿ.

ಆಮೇಲೆ ಸೀಸದ ಮೊಳೆಗಳ ಕಾಲ. ಕನ್ನಡಕ್ಕೆ ಬೇಕಾದ ಮೊಳೆಗಳ ಸಂಖ್ಯೆ ನೂರಾರು: ಗುಣಿತಾಕ್ಷರಗಳು, ಒತ್ತುಗಳು, ಕೊಂಬುಗಳು, ದೀರ್ಘಗಳು, ಅರ್ಕಾವತ್ತು, ವಟ್ರಸುಳಿ. ಒಂದು ಬಗೆಯ ಅಕ್ಷರವನ್ನು ಸಿದ್ಧಮಾಡುವುದೇ ದೊಡ್ಡ ಸಾಹಸವಾಗಿದ್ದಾಗ ಅಲಂಕಾರದ ಬಗೆಗಳನ್ನು ಯಾರು ಕೊರೆಸಿಯಾರು? ಆದ್ದರಿಂದ ಕನ್ನಡದ ಬೆಡಗಿನ ಅಕ್ಷರಗಳೆಲ್ಲ ಪುಸ್ತಕಗಳ ರಕ್ಷಾಪತ್ರ ಬರೆಯುವ ಕಲಾವಿದರ, ಅಂಗಡಿಯ ಹಲಗೆ ಬರೆಯುವವರ, ಚಲನಚಿತ್ರದ ಭಿತ್ತಿಪತ್ರ ಬರೆಯುವವರ ಕುಂಚದಲ್ಲಿ ಉಳಿದುವು. ಅವರು ಒಂದು ಹೆಸರಿಗೆ ಒಂದು ಅಕ್ಷರವನ್ನು ಹುಟ್ಟಿಸಿದರು, ಕೆಲಸ ಮುಗಿಯಿತು, ಅಕ್ಷರವೂ ಮುಗಿಯಿತು. ಅವರ ಹೆಸರುಗಳನ್ನು ನಾವು ಬರೆದಿಡಲಿಲ್ಲ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಜಾಪ್ಫೀನೊಗೆ ಗಣಕಯಂತ್ರ ಮಾಡಿಕೊಟ್ಟ ಉಪಕಾರವೇನು? ಪಕ್ಕದ ಅಕ್ಷರವನ್ನು ನೋಡಿ ತನ್ನ ರೂಪವನ್ನು ಬದಲಾಯಿಸಿಕೊಳ್ಳುವ ಶಕ್ತಿ. ರೋಮನ್ ಲಿಪಿಗೆ ಇದು ವಿಲಾಸ. ಇಲ್ಲದಿದ್ದರೂ ಅದರ ಸಂಸಾರ ನಡೆಯುತ್ತದೆ. ಕನ್ನಡಕ್ಕೆ ಇದು ನಿತ್ಯದ ಅನ್ನ. ಕಕಾರಕ್ಕೆ ಹತ್ತುವ ಕೊಂಬು ಒಂದು ಬಗೆ, ಪಕಾರಕ್ಕೆ ಹತ್ತುವ ಕೊಂಬು ಇನ್ನೊಂದು ಬಗೆ. ಗುಡಿಸು ಸೇರಿದೊಡನೆ ತಲೆಕಟ್ಟು ಕಳಚಿಕೊಳ್ಳುತ್ತದೆ. ವ್ಯಂಜನದ ಮೇಲೆ ವ್ಯಂಜನ ಬಂದರೆ ಎರಡನೆಯದು ಕೆಳಗಿಳಿದು ಒತ್ತಾಗುತ್ತದೆ. ಈ ರೂಪಾಂತರಗಳಿಲ್ಲದೆ ಗಣಕದಲ್ಲಿ ಕನ್ನಡದ ಒಂದು ಸಾಲೂ ಸಾಗದು. ಜಾಪ್ಫೀನೊ ಬಂದ 1998ರಲ್ಲಿಯೇ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶವೂ ಹೊರಬಂದು, ಸಾವಿರಾರು ಕನ್ನಡಿಗರಿಗೆ ತಮ್ಮ ಗಣಕಗಳಲ್ಲಿ ಕನ್ನಡ ಬರೆಯುವ ದಾರಿಯನ್ನು ತೆರೆಯಿತು. ‘ನುಡಿ’ಯೂ ಬಂದಿತು, ಈಗ ಮೊಬೈಲಿನ ಸಣ್ಣ ಪರದೆಯ ಮೇಲೂ ಕನ್ನಡ ಸಲೀಸಾಗಿ ಮೂಡುತ್ತದೆ. ಎಂದರೆ, ಬಳುಕುವ ಅಕ್ಷರವನ್ನು ಕಟ್ಟಲು ಬೇಕಾದ ಯಂತ್ರಸಾಮಗ್ರಿ ನಮ್ಮ ಮನೆಯೊಳಗೇ ಇದೆ. ಇಲ್ಲದಿರುವುದು ಮನಸ್ಸು ಮಾತ್ರ.

ಅಂಥ ಅಕ್ಷರವನ್ನು ಕಟ್ಟುವಾಗ ರೋಮನ್ ಕೂಡುಬರಹದ ಎರಡು ಲಕ್ಷಣಗಳನ್ನು ಕಣ್ಣುಮುಚ್ಚಿ ತರಬಾರದೆಂದು ನನ್ನ ಅಭಿಪ್ರಾಯ. ಒಂದು, ಅಕ್ಷರ ಅಕ್ಷರಕ್ಕೆ ಕೊಂಡಿ ಹಾಕುವುದು. ಕನ್ನಡದಲ್ಲಿ ಪ್ರತಿಯೊಂದು ಅಕ್ಷರವೂ ತನ್ನಷ್ಟಕ್ಕೆ ಪೂರ್ಣವಾದ ಉಚ್ಚಾರಣೆ. ಒಂದರ ಬಾಲವನ್ನು ಇನ್ನೊಂದಕ್ಕೆ ಗಂಟುಹಾಕಿದರೆ ಅದು ದೀರ್ಘವೋ ಕೊಂಬೋ ಎಂಬ ಭ್ರಾಂತಿ ಹುಟ್ಟುತ್ತದೆ. ನಮ್ಮಲ್ಲಿ ಓಟವಿರುವುದು ಅಕ್ಷರಗಳ ನಡುವೆ ಅಲ್ಲ, ಅಕ್ಷರದ ಒಳಗೆ. ಎರಡು, ವಾಲುವಿಕೆ. ಯಂತ್ರದಲ್ಲಿ ವಾಲಿಸಿದ ಕನ್ನಡ ಓಡುತ್ತಿರುವಂತೆ ಕಾಣುವುದಿಲ್ಲ, ಬೀಳುತ್ತಿರುವಂತೆ ಕಾಣುತ್ತದೆ. ಹಾಗಾದರೆ ಅಲಂಕಾರಕ್ಕೆ ಎಡೆಯೆಲ್ಲಿ? ಬೇಕಾದಷ್ಟಿದೆ. ಮೇಲಕ್ಕೆ ಏಳಲು ಗುಡಿಸು ಇದೆ, ಬಲಕ್ಕೆ ಹರಿಯಲು ದೀರ್ಘವಿದೆ, ಕೆಳಕ್ಕೆ ಇಳಿದು ಸುಳಿಯಲು ಒತ್ತುಗಳಿವೆ. ಐತ್ವವಿದೆ, ವಟ್ರಸುಳಿಯಿದೆ, ತಲೆಕಟ್ಟಿನ ತುದಿಯಿದೆ. ಒಳ್ಳೆಯ ಕೈಬರಹದವರ ‘ಶ್ರೀ’ಕಾರವನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಂಗ್ಲಿಷರು ಬಾಲವನ್ನು ಕಷ್ಟಪಟ್ಟು ಹೊರಗಿನಿಂದ ಬೆಳೆಸಬೇಕು. ನಮ್ಮ ಲಿಪಿಗೆ ಅದು ವ್ಯಾಕರಣವೇ ಕೊಟ್ಟ ವರ.

ಆದರೆ ಮಾದರಿಯ ಕೈಗಳೆಲ್ಲಿವೆ? ನನ್ನ ಭಯವಿರುವುದು ಇಲ್ಲಿಯೇ. ಹದಿನೆಂಟು ವರ್ಷಗಳಿಂದ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೇನೆ. ಮೊದಮೊದಲು ನೂರು ಪತ್ರಿಕೆಗಳಲ್ಲಿ ನೂರು ಕೈಗಳನ್ನು ಕಾಣುತ್ತಿದ್ದೆ: ಮಲೆನಾಡಿನ ಹುಡುಗಿಯ ಮುತ್ತಿನಂಥ ಬರಹ, ಬಯಲುಸೀಮೆಯ ಹುಡುಗನ ದಪ್ಪ ಗಟ್ಟಿ ಬರಹ. ಈಗ ಪರೀಕ್ಷೆಯ ಮೂರು ಗಂಟೆಗಳನ್ನು ಬಿಟ್ಟರೆ ಅವರು ಕನ್ನಡವನ್ನು ಕೈಯಿಂದ ಬರೆಯುವುದು ಅಪರೂಪ. ಬೆರಳ ತುದಿಯಿಂದ ಒತ್ತುತ್ತಾರೆ, ಯಂತ್ರ ಬರೆಯುತ್ತದೆ. ಒತ್ತಕ್ಷರಗಳು ಬರಹದಲ್ಲಿ ಸೋಲುತ್ತಿವೆ. ಕೈಗೆ ಅಭ್ಯಾಸ ತಪ್ಪಿದೆ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಆದರೆ ಇನ್ನೊಂದು ತಲೆಮಾರು ಕಳೆದರೆ ಕನ್ನಡದ ಜಾಪ್ಫ್ ಒಬ್ಬ ಹುಟ್ಟಿಬಂದರೂ ಅವನಿಗೆ ತೆರೆದು ನೋಡಲು ಟಿಪ್ಪಣಿ ಪುಸ್ತಕವೇ ಇರುವುದಿಲ್ಲ.

ಆದ್ದರಿಂದ ನನ್ನ ವಿಜ್ಞಾಪನೆಗಳು ಮೂರು. ಲಗ್ನಪತ್ರಿಕೆ ಮಾಡಿಸುವ ಗೃಹಸ್ಥರು ಬಳ್ಳಿಯಕ್ಷರವನ್ನು ಬೇಕಾದರೆ ಎರಡು ಹೆಸರುಗಳಿಗೆ ಮಾತ್ರ ಬಳಸಲಿ. ಮುಹೂರ್ತ, ಸ್ಥಳ, ಹಿರಿಯರ ಹೆಸರುಗಳು ನೇರವಾದ ಕನ್ನಡದಲ್ಲಿ, ಒತ್ತುಗಳಿಗೆ ಉಸಿರಾಡಲು ಸ್ಥಳವಿರುವಂತೆ ಇರಲಿ. ಕರಡನ್ನು ಮನೆಯ ಅತ್ಯಂತ ಹಿರಿಯರ ಕೈಗೆ ಕೊಟ್ಟು ಓದಿಸಲಿ. ಅವರು ಓದಿದರೆ ಅಚ್ಚಿಗೆ ಕಳುಹಿಸಬಹುದು. ಎರಡನೆಯದಾಗಿ, ನನ್ನ ಶಿಷ್ಯನಂಥ ತರುಣ ವಿನ್ಯಾಸಕಾರರು ಕನ್ನಡದ ಅಕ್ಷರವನ್ನು ವಾಲಿಸುವ ಮೊದಲು ಒಂದು ಹಳೆಯ ಕೈಬರಹದ ಹಾಡಿನ ಪುಸ್ತಕವನ್ನು ತೆರೆದು ನೋಡಲಿ. ಮೂರನೆಯದಾಗಿ, ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ತಾಳೆಗರಿಗೆ ಕೊಟ್ಟ ಗೌರವದ ನೂರರಲ್ಲೊಂದು ಪಾಲನ್ನು ನಮ್ಮ ಅಜ್ಜ ಅಜ್ಜಿಯರ ಕಾಗದಪತ್ರಗಳಿಗೆ ಕೊಡಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯಿಂದ ಒಂದು ಪುಟದ ಛಾಯಾಪ್ರತಿಯನ್ನು ತಂದರೆ ಒಂದು ವರ್ಷದಲ್ಲಿ ಒಂದು ಊರಿನ ಕೈಬರಹವೆಲ್ಲ ಒಂದೆಡೆ ಸೇರುತ್ತದೆ. ಇದಕ್ಕೆ ಸರ್ಕಾರದ ಅನುದಾನ ಬೇಕಾಗಿಲ್ಲ. ನಮ್ಮ ವಿಭಾಗದಲ್ಲಿ ಈ ವರ್ಷ ಇದನ್ನು ಪ್ರಾರಂಭಿಸುವ ಯೋಚನೆಯಿದೆ.

ಕೊನೆಯದಾಗಿ ಆ ಮದುವೆಯ ಮಾತು. ಅತ್ತೆಗೆ ಪ್ರಯಾಣ ಮಾಡುವ ಶಕ್ತಿಯಿಲ್ಲದ್ದರಿಂದ ನಾವೇ ಹೋಗಿಬರುವುದೆಂದಾಯಿತು. ಹೊರಡುವ ಹಿಂದಿನ ರಾತ್ರಿ ಮುಯ್ಯಿಯ ಲಕೋಟೆಯ ಮೇಲೆ ಹೆಸರು ಬರೆಯಲು ಕುಳಿತೆ. ಅತ್ತೆ ‘ಇಲ್ಲಿ ಕೊಡು’ ಎಂದು ಲೇಖನಿಯನ್ನು ತೆಗೆದುಕೊಂಡರು. ಲಕೋಟೆಯನ್ನು ಮಡಿಲಲ್ಲಿ ಪುಸ್ತಕದ ಮೇಲಿಟ್ಟುಕೊಂಡು, ವಧುವಿನ ಹೆಸರನ್ನೂ ಅದರ ಪಕ್ಕದಲ್ಲಿ ವರನ ಹೆಸರನ್ನೂ ನಿಧಾನವಾಗಿ ಬರೆದರು. ಕೈ ನಡುಗುತ್ತಿತ್ತು, ಗೆರೆಯೂ ಅಲ್ಲಲ್ಲಿ ನಡುಗಿತು. ಆದರೆ ಸುಬ್ರಹ್ಮಣ್ಯನ ಮೂರು ಒತ್ತುಗಳಲ್ಲಿ ಒಂದೂ ತಪ್ಪಲಿಲ್ಲ.